ಸಾಯದ ಕುರಿಗಳನ್ನು ದಯಪಾಲಿಸಿದವರಿಗೆ

ಮಾನ್ಯ ‘ಅಡ್ಡಗೀಟು ಚೀಟ್ಸ್’ ಅವರೇ,

ನಾರಾಯಣಖೇಡದ ಝೆರಾಕ್ಸ್ ಅಂಗಡಿಯಿಂದ ಅಮೋಘಸಿದ್ದ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಕುರಿ ಕಾಯುವ ಗೇಮಿನ ಐಕಾನ್ ಮೇಲೆ ಮೌಸಿನ ಬಲಗುಂಡಿ ಒತ್ತಿ, ಪ್ರಾಪರ್ಟೀಸ್ ತೆರೆದು, ಟಾರ್ಗೆಟ್ ಎಂಬ ಸಾಲಿನ ತುದಿಯಲ್ಲಿ ತಮ್ಮನ್ನು, ಅಂದರೆ ಒಂದು ಅಡ್ಡಗೀಟು ಎಳೆದು ‘ಚೀಟ್ಸ್’ ಎಂಬ ಕಳ್ಳದಾರಿಯ ಪದವನ್ನು, ಬರೆದರೆ ಒಂದು ಕುರಿಯೂ ಸಾಯುವುದಿಲ್ಲ ಎಂದು ಜಹೀರಾಬಾದಿನ ಗೆಳೆಯನೊಬ್ಬ ಹೇಳಿದ್ದ. ಮೊದಲ ಸಲ ಜಾಗ ಬಿಡದೆ ಅಂಟಿಸಿ ಬರೆದದ್ದಕ್ಕೆ ತಾವು ಮುನಿಸಿಕೊಂಡು ಗೇಮನ್ನೇ ತೆರೆಯಗೊಡಲಿಲ್ಲ. ತಪ್ಪು ನನ್ನದೇ, ದೊಡ್ಡವರಿಂದ ಒಂದಿಷ್ಟು ದೂರ ನಿಲ್ಲಬೇಕಿತ್ತು.

ನನ್ನ ಅವಸರಕ್ಕೆ ಕಾರಣವಿತ್ತು. ಅವ್ವ ಭೀಮವ್ವನಿಗೆ ಮೊಣಕಾಲು ನೋವು, ಈ ವರ್ಷ ನಮ್ಮ ಹಿಂಡನ್ನು ಕಲ್ಹೇರ್ ಕಡೆ ಮೇಯಿಸಲು ಬೇರೆಯವರು ಹೋಗಬೇಕು. ಹಿಂಡಿನ ಹಿಂದೆ ಹೋಗುವವರ ಹೆಗಲಿಗೆ ಹಿರಿಯರು ತಮ್ಮ ಕಂಬಳಿ ಹಾಕಿ ಕಳಿಸುವುದು ನಮ್ಮ ಮನೆಯ ಪದ್ಧತಿ. ಅಂಗಡಿಯಲ್ಲಿ ಕುಳಿತು ಬೇಸತ್ತಿದ್ದ ನಾನು ಕಂಬಳಿ ನನ್ನದೇ ಎಂದು ಊರಿಗೆಲ್ಲ ಹೇಳಿಕೊಂಡಿದ್ದೆ. ನಾನೂ ತಂಗಿ ಭವಾನಿಯೂ ಈ ಗೇಮಿಗಾಗಿ ಕಿತ್ತಾಡುವುದನ್ನು ಕಂಡ ಅವ್ವ, ಇದರಲ್ಲೇ ಒಂದು ಮಳೆಗಾಲ ಹಿಂಡು ಕಾದು ತೋರಿಸಿ, ಆಮೇಲೆ ಕಂಬಳಿಯ ಮಾತು ಎಂದುಬಿಟ್ಟಳು.

ಆಹಾ, ತಮ್ಮ ಔದಾರ್ಯವೇ! ತೋಳ ಬಂದು ನೆಂಟರಂತೆ ಕುಳಿತು ಎದ್ದುಹೋಯಿತು, ಮೇದ ಹುಲ್ಲು ಮೇದಲ್ಲೇ ಬೆಳೆಯಿತು, ನಾನು ಹೊರಗೆ ಹೋಗಿ ಚಹಾ ಕುಡಿದು ಬಂದರೂ ಹಿಂಡು ಹಾಗೇ ಇತ್ತು. ತಮ್ಮ ಹಂಗಿಲ್ಲದೆ ಆಡಿದ ಭವಾನಿ ಏಳು ಕುರಿ ಕಳೆದುಕೊಂಡಳು. ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ.

ಅವ್ವ ನಗಲಿಲ್ಲ. ನನ್ನ ಹಿಂಡನ್ನು ಬಹಳ ಹೊತ್ತು ನೋಡಿ, “ಮಳಿಗಾಲ ಮುಗೀತು, ಒಂದು ಕುರಿ ಸೈತ ಕುಂಟಲಿಲ್ಲ, ಕೆಮ್ಮಲಿಲ್ಲ. ನೀ ಏನು ಕಾದಿ ಹೇಳಪ್ಪ?” ಅಂದಳು. ನಾನು ಪರದೆಯ ಮೇಲಿನ ಕುರಿಗಳ ಲೆಕ್ಕ ತೋರಿಸಿದೆ. ಅವ್ವ ಅದನ್ನೇ ಭವಾನಿಯನ್ನು ಕೇಳಿದರೆ, ಸತ್ತ ಏಳರಲ್ಲಿ ಯಾವುದರ ಕಿವಿ ಕಪ್ಪು, ಯಾವುದು ಕೆಸರಲ್ಲಿ ಹಿಂದೆ ಉಳಿಯಿತು ಎಂದು ಒಂದೊಂದಾಗಿ ಹೇಳಿದಳು. ಅವ್ವ ಎದ್ದು ಕಂಬಳಿಯನ್ನು ಅವಳ ಹೆಗಲಿಗೆ ಹಾಕಿದಳು. ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ.

ಆದ್ದರಿಂದ ಮಹಾಶಯರಲ್ಲಿ ನನ್ನ ಬಿನ್ನಹವೇನೆಂದರೆ, ತಾವು ನಿಜಕ್ಕೂ ಅಷ್ಟು ಸಮರ್ಥರಾಗಿದ್ದರೆ ಗೇಮು ಬಿಟ್ಟು ಹೊರಗೆ ಬಂದು ಅವ್ವನ ಮೊಣಕಾಲಿನ ತುದಿಯಲ್ಲಿ ನೆಲೆಸಬೇಕು, ರಾತ್ರಿ ಕುರಿ ಕೂಡುವ ದಡ್ಡಿಯ ಸುತ್ತ ಸುಳಿಯುವ ನಿಜವಾದ ತೋಳಗಳ ಹಲ್ಲು ಕೀಳಬೇಕು, ಊರಿಗೆಲ್ಲ ನಾನು ಹೇಳಿಕೊಂಡದ್ದನ್ನು ಊರು ಮರೆಯುವಂತೆ ಮಾಡಬೇಕು. ಒಂದು ವಾರದೊಳಗೆ ಉತ್ತರ ಬರಲಿ.

ಇಷ್ಟಾದ ಮೇಲೂ ತಮ್ಮ ವಿಶ್ವಾಸಿ,
ಅಮೋಘಸಿದ್ದ

ತಾ.ಕ.: ನಿನ್ನೆ ತಮ್ಮನ್ನು ಆ ಸಾಲಿನಿಂದ ಅಳಿಸಿ ಆಡಿದೆ. ಕಾಲು ಗಂಟೆಯಲ್ಲಿ ಹನ್ನೊಂದು ಕುರಿ ಹೋದವು, ಹನ್ನೊಂದರ ಗುರುತನ್ನೂ ಅವ್ವನಿಗೆ ಹೇಳಿದೆ. ಆಕೆ ಹಿಂಡಿನ ಹಿಂದೆ ಭವಾನಿಯ ಬುತ್ತಿ ಹೊತ್ತು ನಡೆಯುವ ಕೆಲಸ ನನಗೆ ಕೊಟ್ಟಿದ್ದಾಳೆ. ತಾವು ಬರುವುದು ಬೇಡ.