ಕಳೆದುಹೋದ ತಮ್ಮ ಅದಿರು ನಮ್ಮ ಮನೆಯಲ್ಲಿ ಕ್ಷೇಮವಾಗಿದೆ

ಗಣಿ ಕಂಪನಿಯ ಜನರಲ್ ಮ್ಯಾನೇಜರ್ ಸಾಹೇಬರ ಸನ್ನಿಧಾನಕ್ಕೆ, ತಮ್ಮ ಲಾರಿಗಳು ದಿನಕ್ಕೆ ಇನ್ನೂರು ಸಲ ಹಾದುಹೋಗುವ ರಸ್ತೆಯ ಲಾಂಡ್ರಿಯವಳು ಇಸ್ತ್ರಿಪೆಟ್ಟಿಗೆ ಬದಿಗಿಟ್ಟು, ಕೈ ಒರೆಸಿಕೊಂಡು ಮಾಡುವ ನಮಸ್ಕಾರಗಳು.

ಮಾನ್ಯರೇ,

ಬಟ್ಟೆ ಸುತ್ತಿಕೊಡಲು ತಂದಿದ್ದ ಮೊನ್ನೆಯ ಪತ್ರಿಕೆಯಲ್ಲಿ, ಯಾರದೋ ಪ್ಯಾಂಟಿನ ಅಡಿಯಲ್ಲಿ, ತಾವು ಸರ್ಕಾರಕ್ಕೆ ಸಲ್ಲಿಸಿದ ಮನವಿಯ ಸುದ್ದಿ ಓದಿ ನನ್ನ ಕರುಳು ಚುರ್ ಎಂದಿತು. ಗಣಿಯಿಂದ ರೈಲ್ವೆ ನಿಲ್ದಾಣ ಮುಟ್ಟುವಷ್ಟರಲ್ಲಿ ನೂರು ಟನ್ ಅದಿರಿನಲ್ಲಿ ಮೂರು ಟನ್ ಧೂಳಾಗಿ ಹಾರಿಹೋಗುತ್ತದೆಂದೂ, ಕಳೆದುಹೋದ ಮಾಲಿಗೂ ಟನ್ನಿಗಿಷ್ಟೆಂದು ರಾಜಧನ ಕಟ್ಟಿಸಿಕೊಳ್ಳುವುದು ಅನ್ಯಾಯವೆಂದೂ, ಅಷ್ಟನ್ನು ಮನ್ನಾ ಮಾಡಬೇಕೆಂದೂ ತಾವು ಬೇಡಿಕೊಂಡಿದ್ದೀರಿ. ಸೋಮವಾರ ಮಂತ್ರಿಗಳನ್ನು ಖುದ್ದು ಕಾಣಲಿದ್ದೀರೆಂದೂ ಬರೆದಿತ್ತು. ಬೆಟ್ಟವನ್ನೇ ಅಗೆದು ಮಾರುವ ಕಂಪನಿ ಹೀಗೆ ಒಂದು ಹಿಡಿ ಧೂಳಿಗಾಗಿ ಕೈಯೊಡ್ಡಿ ನಿಲ್ಲುವುದನ್ನು ನೋಡಲು ಮನಸ್ಸಾದರೂ ಹೇಗೆ ಬಂದೀತು?

ತಾವು ಕಣ್ಣೀರು ಒರೆಸಿಕೊಳ್ಳಬೇಕು. ಅದಿರು ಎಲ್ಲೂ ಹೋಗಿಲ್ಲ, ನಮ್ಮ ಮನೆಯಲ್ಲಿದೆ. ನಮ್ಮ ಅತ್ತೆ ಬೆಳಿಗ್ಗೆ ಎದ್ದು ಟೆರೇಸು, ಕಿಟಕಿಯ ಚೌಕಟ್ಟು, ನೀರಿನ ತೊಟ್ಟಿಯ ಮುಚ್ಚಳ ಗುಡಿಸಿ ತೆಗೆದ ಕೆಂಪು ಪುಡಿಯನ್ನು ಹಳೆಯ ಎಣ್ಣೆ ಡಬ್ಬಗಳಲ್ಲಿ ತುಂಬಿಟ್ಟಿದ್ದಾರೆ. ಈಗ ಹನ್ನೊಂದು ಡಬ್ಬ ಆಗಿದೆ. ಸುದ್ದಿ ಓದಿ ಹೇಳಿದಾಗ ಅವರು, "ಅಯ್ಯೋ ಪಾಪ, ಕಳ್ಕೊಂಡೋರು ಎಷ್ಟು ಹುಡುಕ್ತಿದಾರೋ ಏನೋ, ಕರೆದು ಕೊಟ್ಬಿಡೇ" ಎಂದರು. ಅತ್ತೆಯವರ ಮೂಗು, ಗಂಟಲಿನಲ್ಲಿ ಇರುವಷ್ಟನ್ನು ಮಾತ್ರ ಗುಡಿಸಿ ಕೊಡಲಾಗುವುದಿಲ್ಲ, ಅದನ್ನು ದಯವಿಟ್ಟು ಮನ್ನಾ ಮಾಡಬೇಕು.

ಒಂದು ಸಣ್ಣ ಗೊಂದಲ ಮಾತ್ರ ಉಳಿದಿದೆ. ಕಳೆದ ವರ್ಷ ನಾನು ಧೂಳಿನ ಬಗ್ಗೆ ದೂರು ಬರೆದಾಗ ತಮ್ಮ ಕಚೇರಿಯಿಂದ ಮೊಹರು ಹಾಕಿದ ಉತ್ತರ ಬಂದಿತ್ತು. "ನಮ್ಮ ಲಾರಿಗಳಿಗೆಲ್ಲ ಟಾರ್ಪಾಲು ಕಟ್ಟಲಾಗಿದೆ, ಒಂದು ಕಣವೂ ಹೊರಗೆ ಬೀಳುವುದಿಲ್ಲ, ಬಟ್ಟೆ ಕೆಂಪಗಾಗುತ್ತಿದ್ದರೆ ತಾವು ಬಳಸುವ ಸೋಪನ್ನು ಪರೀಕ್ಷಿಸಿಕೊಳ್ಳಿ" ಎಂದಿತ್ತು. ನಾನು ಮೂರು ಸಲ ಸೋಪು ಬದಲಾಯಿಸಿದೆ. ಲಾಂಡ್ರಿಯವಳು ಕೇಳಿದರೆ ಒಂದು ಕಣವೂ ಇಲ್ಲ, ಸರ್ಕಾರ ಕೇಳಿದರೆ ನೂರಕ್ಕೆ ಮೂರು ಟನ್! ಕೇಳುವವರ ಮುಖ ನೋಡಿ ಹಾರುವ ಇಂಥ ಜಾಣ ಧೂಳನ್ನು ಸಾಕಿದ ತಮಗೆ ಯಾವ ಪ್ರಶಸ್ತಿ ಕೊಟ್ಟರೂ ಕಡಿಮೆಯೇ.

ನನ್ನ ಕಷ್ಟ ಇಷ್ಟೇ. ಆಸ್ಪತ್ರೆಯ ಅರವತ್ತು ಬೆಡ್‌ಶೀಟುಗಳು ದಿನಾ ನಮ್ಮಲ್ಲಿಗೆ ಬರುತ್ತವೆ. ನಮ್ಮಲ್ಲಿ ಒಗೆಯುವ ನಾಲ್ವರು ಹೆಂಗಸರ ಮನೆಯ ಒಲೆ ಉರಿಯುವುದು ಅದರಿಂದಲೇ. ಎರಡು ಕೋಣೆಯ ಮನೆಯೊಳಗೆ ಅಷ್ಟನ್ನು ಒಣಗಿಸಲಾಗದೆ ಟೆರೇಸಿನಲ್ಲಿ ಹರವಿದರೆ ಮಧ್ಯಾಹ್ನದೊಳಗೆ ಬಣ್ಣ ತಿರುಗುತ್ತದೆ. ಆಸ್ಪತ್ರೆಯ ದೊಡ್ಡ ನರ್ಸಮ್ಮ ಹೋದ ವಾರ ನಾಲ್ಕು ಜನರ ಎದುರಿಗೇ, "ಇದೇನಮ್ಮ, ಒಗೆದು ತಂದಿದೀಯೋ ಮಣ್ಣಲ್ಲಿ ಅದ್ದಿ ತಂದಿದೀಯೋ? ಈ ತಿಂಗಳು ನೋಡ್ತೀನಿ, ಆಮೇಲೆ ಬೇರೆಯವರಿಗೆ ಕೊಡ್ತೀನಿ" ಎಂದುಬಿಟ್ಟರು. ಇಪ್ಪತ್ತೆರಡು ವರ್ಷ ಬಟ್ಟೆ ಒಗೆದ ಕೈ ನನ್ನದು, ಸಾಹೇಬರೇ. ಆ ದಿನ ಅತ್ತುಕೊಂಡೇ ಮನೆಗೆ ಬಂದೆ.

ಆದ್ದರಿಂದ ತಾವು ನರ್ಸಮ್ಮನವರಿಗೆ ಒಂದೇ ಒಂದು ಸಾಲು, "ಆ ಕೆಂಪು ನಮ್ಮದು, ಲಾಂಡ್ರಿಯವಳ ಕೈಯದಲ್ಲ" ಎಂದು ಬರೆದುಕೊಡಬೇಕಾಗಿ ಪ್ರಾರ್ಥನೆ. ಅದು ಕಷ್ಟವೆನಿಸಿದರೆ ಲಾರಿಗಳನ್ನು ಆಕಾಶಮಾರ್ಗವಾಗಿ ಕಳುಹಿಸಬಹುದು. ಅದೂ ಆಗದಿದ್ದರೆ ನಮ್ಮ ಟೆರೇಸಿಗೆ ಗಣಿ ಪರವಾನಗಿಯನ್ನಾದರೂ ಕೊಡಿಸಿ. ಅತ್ತೆ ಪೊರಕೆಯಿಂದ ಗಣಿಗಾರಿಕೆ ಮಾಡುತ್ತಾರೆ, ನಾನು ಡಬ್ಬಕ್ಕಿಷ್ಟೆಂದು ರಾಜಧನವನ್ನು ರಿಯಾಯಿತಿ ಕೇಳದೆ ಕಟ್ಟುತ್ತೇನೆ.

ತಮ್ಮ ಹಳೆಯ ಉತ್ತರವನ್ನೂ ಪತ್ರಿಕೆಯ ತುಣುಕನ್ನೂ ಈ ಪತ್ರಕ್ಕೆ ಲಗತ್ತಿಸಿ, ಈ ವಾರದ ಪ್ರತಿಯೊಂದು ಬಟ್ಟೆಗಂಟಿನಲ್ಲೂ ಒಂದೊಂದು ಪ್ರತಿ ಇಟ್ಟಿದ್ದೇನೆ. ರಾಜಧನ ಕಚೇರಿಯ ಗುಮಾಸ್ತರೂ ನಮ್ಮ ಗಿರಾಕಿಗಳೇ ಎಂಬುದು ತಮಗೆ ತಿಳಿದಿರಲಿ.

ಸೋಪಿನ ಮೇಲೆ ಇದ್ದ ನಂಬಿಕೆ ಕಳೆದುಕೊಂಡರೂ ತಮ್ಮ ಮೇಲಿನದನ್ನು ಹೇಗೋ ಉಳಿಸಿಕೊಂಡಿರುವ,
ತಮ್ಮ ವಿಶ್ವಾಸಿ,
ಲಾರಿ ರಸ್ತೆಯ ಲಾಂಡ್ರಿಯವಳು

ತಾ.ಕ.: ಸೋಮವಾರಕ್ಕೆಂದು ಕಳುಹಿಸಿದ ತಮ್ಮ ಆರು ಬಿಳಿ ಅಂಗಿಗಳು ಸಿದ್ಧವಾಗಿವೆ. ಎರಡು ವರ್ಷದಿಂದ ತಮ್ಮ ಡ್ರೈವರು ಪ್ರತಿ ವಾರ ತಪ್ಪದೆ, "ಸಾಹೇಬ್ರ ಅಂಗಿ ಮಾತ್ರ ಬಾಗಿಲು ಹಾಕ್ಕೊಂಡು ಒಳಗೇ ಒಣಗಿಸ್ಬೇಕಂತೆ" ಎಂದು ಹೇಳಿಹೋಗುತ್ತಿದ್ದ; ನಾನೂ ಯಾಕೆಂದು ಕೇಳದೆ ಹಾಗೇ ಮಾಡುತ್ತಿದ್ದೆ. ಒಂದು ಕಣವೂ ಹಾರುವುದಿಲ್ಲವೆಂಬ ತಮ್ಮ ಪತ್ರವನ್ನು ಮತ್ತೊಮ್ಮೆ ಓದಿ, ಈ ಸಲ ಧೈರ್ಯವಾಗಿ ಆಸ್ಪತ್ರೆಯ ಬೆಡ್‌ಶೀಟುಗಳ ಪಕ್ಕದಲ್ಲೇ ಅವನ್ನೂ ಹರವಿದೆ. ಸೋಪು ಹೊಸದೇ. ಮಂತ್ರಿಗಳ ಎದುರು ಕುಳಿತಾಗ ಮಾತ್ರ, ದಯವಿಟ್ಟು ಹೆಗಲು ಮುಟ್ಟಿ ನೋಡಿಕೊಳ್ಳಬೇಡಿ.