ನಕ್ಷೆಯವರು ಬಂದಾರ, ಪೈಪ್ ಎತ್ರಿ!

ಕಳ್ಳನನ್ನಾದರೂ ನಂಬಿಯಾರು, ನಕ್ಷೆ ಮಾಡುವವರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಲಿಂಗಸುಗೂರಿನಿಂದ ಸಿಂಧನೂರಿನವರೆಗೆ ಗುಡ್ಡ, ಜಾಲಿ ಕಾಡು, ಕೆರೆ, ಹಳ್ಳಗಳ ಏರುತಗ್ಗು ಅಳೆಯುವುದು ನನ್ನ ಕೆಲಸ. ‘ನೀವು ಅಂದುಕೊಂಡವನು ನಾನಲ್ಲ’ ಎಂದು ಹೇಳುವುದರಲ್ಲೇ ಅರ್ಧ ದಿನ ಹೋಗುತ್ತದೆ.

ಗುಡ್ಡದ ಮೇಲೆ

ಮಸ್ಕಿ ಆಚೆಯ ಗುಡ್ಡದಲ್ಲಿ ಮುಕ್ಕಾಲಿ ನಿಲ್ಲಿಸಿ ಯಂತ್ರಕ್ಕೆ ಕಣ್ಣಿಟ್ಟಿದ್ದೆ. ಕುರಿ ಕಾಯುವ ಅಜ್ಜ ಕುರಿ ಬಿಟ್ಟು ನನ್ನನ್ನೇ ನೋಡುತ್ತ ಕೂತ.

“ಏನ್ ಹುಡುಕಾಕತ್ತೀರಿ ಸಾಹೇಬ್ರ?”

“ಏನಿಲ್ಲಜ್ಜ. ಗುಡ್ಡ ಎಷ್ಟು ಎತ್ತರ ಐತಿ ನೋಡಾಕತ್ತೀನಿ.”

“ಅಷ್ಟಕ್ಕ ಜೀಪ್ ಮಾಡ್ಕೊಂಡು ಬಂದೀರಿ?” ಅಜ್ಜ ಹಟ್ಟಿ ಗಣಿಯ ದಿಕ್ಕಿಗೊಮ್ಮೆ, ನನ್ನ ಕಡೆಗೊಮ್ಮೆ ನೋಡಿದ. “ಅಲ್ಲೂ ಮೊದಲು ಹಿಂಗ ನೋಡಿದ್ರಂತ. ಆಮ್ಯಾಲೆ ಬಂಗಾರ ಸಿಕ್ತು.”

ಮರುದಿನ ಹೋದರೆ ಮುಕ್ಕಾಲಿಯ ಒಂದೊಂದು ಕಾಲು ಊರಿದಲ್ಲೂ ಒಂದೊಂದು ಗುಂಡಿ! ಯಾರು ಅಗೆದರೆಂದು ಅಜ್ಜನನ್ನು ಕೇಳಿದೆ.

“ಹೆಗ್ಗಣ ಇರಬೇಕ್ರಿ.”

“ಗುಂಡಿಯಾಗ ಸಲಿಕಿ ಬಿದ್ದೈತಲ್ಲ ಅಜ್ಜ?”

“ಹೌದೇನ್ರಿ? ಕೊಡ್ರಿ ಇಲ್ಲಿ. ಮುಂಜಾನಿಂದ ಹುಡುಕಾಕತ್ತೀನಿ.”

ಕಾಲುವೆಯ ಮೇಲೆ

ಸಿಂಧನೂರು ಕಡೆ ಕಾಲುವೆ, ಹಳ್ಳಗಳ ಚಿತ್ರವನ್ನು ಡ್ರೋನಿನಿಂದ ತೆಗೆಯಬೇಕಿತ್ತು. ಅದು ಮೇಲೇರಿದ್ದೇ ತಡ, “ನೀರಾವರಿಯವರು ಬಂದಾರಲೇ, ಪೈಪ್ ಎತ್ರಿ!” ಎಂದು ಕೂಗೆದ್ದಿತು. ಕಾಲುವೆಗೆ ಕದ್ದು ಇಳಿಬಿಟ್ಟಿದ್ದ ಪೈಪುಗಳೆಲ್ಲ ಹೆಗಲೇರಿ ಓಡಿದವು. ನಾನು ನಕ್ಷೆಯವನು ಎಂದು ಎಷ್ಟು ಬಾಯಿ ಬಡಿದುಕೊಂಡರೂ ಕೇಳುವವರಿಲ್ಲ. ಒಬ್ಬ ಮಾತ್ರ ನನ್ನ ಫೋನ್ ನಂಬರ್ ಇಸಕೊಂಡ, ಅದೂ ಮತ್ತೆ ಯಾವಾಗ ಬರುತ್ತೀರಿ ಎಂದು ಮೊದಲೇ ತಿಳಿಯಲಿಕ್ಕೆ.

ಸಂಜೆ ಕಾಲುವೆಯ ಕೊನೆಭಾಗದ ರೈತನೊಬ್ಬ ಚಹಾ ಹಿಡಿದು ಬಂದ. ಈಗ ಅನುಮಾನ ಪಡುವ ಸರದಿ ನನ್ನದು. ಈ ಕೆಲಸದಲ್ಲಿ ನನಗೆ ಯಾರೂ ಸುಮ್ಮನೆ ಚಹಾ ಕುಡಿಸಿದವರಿಲ್ಲ.

“ನನ್ನ ಭತ್ತ ತೆನಿ ಬರೂ ಹೊತ್ತಿಗೆ ಒಣಗಾಕತ್ತಿತ್ರಿ. ಮ್ಯಾಲಿನವರು ಒಂದ್ ಹನಿ ಬಿಡಾಂಗಿಲ್ಲ. ಇವತ್ತು ನಿಮ್ಮ ಯಂತ್ರ ಹಾರಿದ್ದಕ್ಕ ನೀರು ನನ್ನ ಹೊಲದ ತನಕ ಬಂದೈತಿ! ಇನ್ನೊಂದು ವಾರ ಹಾರಸ್ರಿ, ಬೆಳಿ ಉಳೀತೈತಿ.”

“ನನ್ನ ಕೆಲಸ ಮುಗೀತಲ್ರಿ.”

ಅವನ ಮುಖ ಸಣ್ಣದಾಯಿತು.

“ಇಂಥಾದ್ದು ಮತ್ಯಾರ ಹತ್ರ ಸಿಗ್ತೈತ್ರಿ?”

“ಮದುವಿ ಫೋಟೋದವರ ಹತ್ರ ಇರ್ತಾವ,” ಎಂದು ಸುಮ್ಮನೆ ಹೇಳಿ ಜೀಪು ಹತ್ತಿದೆ.

ಲಿಂಗಸುಗೂರಿಗೆ ಮರಳಿದ ಮೇಲೆ ಒಂದು ದಿನ ಫೋನ್ ಬಂತು. ನನ್ನ ನಂಬರ್ ಇಸಕೊಂಡಿದ್ದ ಪೈಪಿನ ರೈತ.

“ಸಾಹೇಬ್ರ, ಹಾರಸೂದು ಸಾಕು ಮಾಡ್ರಿ. ದಿನಾ ಪೈಪ್ ಹೊತ್ತು ನಡ ಹೋಗೈತಿ. ಕೆಳಗಿನವನ ಭತ್ತ ನಮ್ಮದಕ್ಕಿಂತ ಹಸರ ಆಗೈತಿ!”

“ನನ್ನ ಡ್ರೋನ್ ಇಲ್ಲೇ ಪೆಟ್ಟಿಗ್ಯಾಗ ಐತಲ್ರಿ.”



“ಹಂಗಾರ ಅದಕ್ಕ ಅನ್ರಿ, ಪೈಪ್ ಹೊತ್ತು ಓಡೂ ಮುಂದ ನನ್ನ ತಲಿ ಮ್ಯಾಲೆ ಗುಲಾಬಿ ಹೂವು ಉದುರಿಸಿದ್ದು!”