ಹದಿನೇಳು ಮನೆ, ಹದಿನೇಳು ರುಜು

ಎಲ್ಲ ಕೆಟ್ಟದ್ದು ಒಂದೇ ಒಂದು ಬೆರಳಿನಿಂದ. ಆ ಬೆರಳು ಊರಿನ ನಾಲ್ಕು ಪುಟದ ಪತ್ರಿಕೆಯ ವರದಿಗಾರನದು. ಅವನನ್ನು ಎಲ್ಲರೂ ಕಡತ ಅಂತಲೇ ಕರೆಯುತ್ತಿದ್ದರು. ಸರ್ಕಾರಿ ಕಚೇರಿಯ ಹಳೇ ಕಡತ ಕಂಡರೆ ಅವನಿಗೆ ಹಸಿವೂ ಇಲ್ಲ, ನಿದ್ದೆಯೂ ಇಲ್ಲ. “ಜನ ಏನು ಬೇಕಾದ್ರೂ ಹೇಳ್ತಾರೆ, ನನಗೆ ದಾಖಲೆ ತೋರಿಸಿ” ಅನ್ನುವುದು ಅವನ ಮಾತು. ಎರಡು ದಾಖಲೆ ಎರಡು ಥರ ಹೇಳಿದರೆ? “ತಾರೀಖು ನೋಡಿ. ಆಮೇಲೆ ಬರೆದದ್ದೇ ಗಟ್ಟಿ.” ಇದನ್ನು ಅವನು ಹಲ್ಲು ಕೀಳಿಸಿಕೊಳ್ಳಲು ಬಾಯಿ ತೆರೆದು ಕೂತಾಗಲೂ ಹೇಳಿದ್ದುಂಟು.

ಅವನ ಮನೆ ಇದ್ದದ್ದು ಕೆಳಗಿನ ಬೀದಿಯಲ್ಲಿ. ಅಲ್ಲಿ ನಲ್ಲಿಗೆ ನೀರು ಬರುವುದು ಮೂರು ದಿನಕ್ಕೊಮ್ಮೆ, ಅದೂ ಒಂದು ಗಂಟೆ. ಟ್ಯಾಂಕಿನ ಪಕ್ಕದ ಮೇಲಿನ ಬೀದಿಯಲ್ಲಿ ಹದಿನೇಳು ಮನೆ. “ಎಲ್ಲರಿಗೂ ಸಮವಾಗಿಯೇ ಬಿಡ್ತಿದ್ದೀವಿ” ಅಂತ ನೀರಿನ ಕಚೇರಿಯವರು ಹೇಳಿದರು. ಕಡತ ಅರ್ಜಿ ಹಾಕಿದ. ಮೂರು ತಿಂಗಳು ಅಲೆದ ಮೇಲೆ ಮೇಲಿನ ಬೀದಿಯ ಲೆಕ್ಕದ ಒಂದು ಹಾಳೆ ಕೈಗೆ ಬಂತು: ಮನೆ ನಂಬರು, ಯಜಮಾನರ ಹೆಸರು, ಒಂದು ತಿಂಗಳಲ್ಲಿ ಮೀಟರು ತೋರಿಸಿದ ನೀರು.

ಅದನ್ನು ಕಂಪ್ಯೂಟರಿಗೆ ಇಳಿಸಿ, ದೊಡ್ಡ ಅಂಕಿ ಮೇಲೆ ಬರಲಿ ಅಂತ ಒತ್ತಿದ. ಒತ್ತಬೇಕಾದದ್ದು ಇಡೀ ಪಟ್ಟಿಗೆ, ಒತ್ತಿದ್ದು ಅಂಕಿಗಳ ಕಾಲಮ್ಮಿಗೆ ಮಾತ್ರ. ಅಂಕಿಗಳು ದೊಡ್ಡದರಿಂದ ಸಣ್ಣದಕ್ಕೆ ಸಾಲುಗಟ್ಟಿದವು. ಹೆಸರುಗಳು ಕೂತಲ್ಲೇ ಕೂತವು. ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳನ್ನು ಯಾರೋ ಅಳತೆ ಪ್ರಕಾರ ಜೋಡಿಸಿಟ್ಟ ಹಾಗಾಯಿತು: ನೋಡಲು ಚೆಂದ, ಮೆಟ್ಟಲು ಹೋದರೆ ಜಗಳ. ಪಟ್ಟಿ ಹಾಗೇ ಅಚ್ಚಾಯಿತು.

ಬೆಳಿಗ್ಗೆ ಪತ್ರಿಕೆ ಹಂಚಿ ಮುಗಿಯುವ ಮೊದಲೇ ಲಾಂಡ್ರಿಯಮ್ಮ ಪತ್ರಿಕೆಯ ಕಚೇರಿಗೆ ನುಗ್ಗಿದಳು.

“ಏನಪ್ಪಾ ಕಡತ, ಹದಿನೇಳನೇ ನಂಬರು, ಲಾಂಡ್ರಿ, ನೀರು ಸೊನ್ನೆ! ಹಾಗಾದ್ರೆ ಊರಿನ ಬಟ್ಟೇನೆಲ್ಲ ನಾನು ಉಗುಳಲ್ಲಿ ಒಗೀತೀನಾ?”

“ಅಕ್ಕಾ, ದಾಖಲೇಲಿ...”

“ಡಾಕ್ಟ್ರಮ್ಮ ಆಗ್ಲೇ ಬಂದು ಹದಿನಾಲ್ಕು ಬೆಡ್‌ಶೀಟ್ ವಾಪಸ್ ತಗೊಂಡು ಹೋದ್ರು. ಒಂದೊಂದನ್ನೂ ಮೂಸಿ ನೋಡಿ!”

ಅವಳ ಹಿಂದೆ ಹೆಗಲ ಮೇಲೆ ಟೇಪು ಹಾಕಿಕೊಂಡೇ ಓಡಿಬಂದಿದ್ದ ದರ್ಜಿ. ಎರಡನೇ ಮನೆಯವನು, ಒಂಟಿ ಜೀವ.

“ನನ್ನ ಹೆಸರಿನ ಮುಂದೆ ನಲವತ್ತು ಸಾವಿರ ಲೀಟರು! ಎದುರು ಮನೆಯವರು ಬೆಳಿಗ್ಗೆಯಿಂದ ಕಿಟಕೀಲಿ ಇಣುಕ್ತಿದ್ದಾರೆ, ಒಳಗೆ ಯಾರ್ಯಾರಿದ್ದಾರೆ ಅಂತ. ನಮ್ಮಕ್ಕ ಫೋನ್ ಮಾಡಿ, ‘ನಂಗೆ ಹೇಳದೆ ಮದುವೆ ಆದ್ಯಾ? ಮಕ್ಕಳೆಷ್ಟೋ?’ ಅಂತ ಅಳ್ತಾಳೆ!”

ಮೂರನೆಯವನು ಬೀಗದ ಕೈ ಆಡಿಸುತ್ತ ಬಂದ. “ಮೂರು ವರ್ಷದಿಂದ ಬೀಗ ಹಾಕಿದ ಮನೆ ಕಣ್ರೀ ನಮ್ಮ ಚಿಕ್ಕಪ್ಪಂದು. ಇಪ್ಪತ್ತೆರಡು ಸಾವಿರ ಲೀಟರಲ್ಲಿ ಯಾರು ಸ್ನಾನ ಮಾಡಿದ್ರು? ಅವರಿಗೀಗ ನನ್ನ ಮೇಲೇ ಅನುಮಾನ.”

ಗಲಾಟೆ ಕೇಳಿ ಸಂಪಾದಕರು ಈಚೆ ಬಂದರು. ಅಚ್ಚಾದ ಪಟ್ಟಿಯನ್ನೂ ನೀರಿನ ಕಚೇರಿಯ ಹಾಳೆಯನ್ನೂ ಪಕ್ಕ ಪಕ್ಕ ಇಟ್ಟರು. ಲಾಂಡ್ರಿಯ ಅಂಕಿ ದರ್ಜಿಗೆ ಬಂದಿದೆ, ಬೀಗದ ಮನೆಯ ಸೊನ್ನೆ ಲಾಂಡ್ರಿಗೆ ಹೋಗಿದೆ. ಮೂರು ಸಾಲು ನೋಡುವಷ್ಟರಲ್ಲಿ ಅವರು ಕುರ್ಚಿ ಹುಡುಕಿದರು. ನಾಲ್ಕನೆಯದು ನೋಡುವ ಧೈರ್ಯ ಅವರಿಗೂ ಇರಲಿಲ್ಲ, ಕಡತನಿಗೂ ಇರಲಿಲ್ಲ.

“ಒಂದನೇ ನಂಬರು ಯಾರ ಮನೆ ಗೊತ್ತೇನಯ್ಯಾ? ಬೀದಿ ಸಂಘದ ಅಧ್ಯಕ್ಷರದು! ಆ ಟ್ಯಾಂಕ್ ಕಟ್ಟಿದಾಗಿನಿಂದ ‘ನೀರು ಉಳಿಸಿ’ ಅಂತ ಭಾಷಣ ಮಾಡ್ತಿರೋರು! ಅವರ ತಲೆಗೆ ತೊಂಬತ್ತು ಸಾವಿರ ಲೀಟರು ಕಟ್ಟಿದ್ದೀಯಲ್ಲೋ!”

ಅಲ್ಲೇ ಒಂದು ಕಾಗದ ಸಿದ್ಧವಾಯಿತು. ‘ನಾವು ಪ್ರಕಟಿಸಿದ ಹದಿನೇಳು ಅಂಕಿಗಳೂ ತಪ್ಪು. ಕ್ಷಮೆ ಇರಲಿ.’ ಕಡತನ ಕೈಬರಹ, ಕೆಳಗೆ ಪತ್ರಿಕೆಯ ಮೊಹರು.

“ಸಂಜೆ ಐದರೊಳಗೆ ಹದಿನೇಳೂ ಮನೆಯವರು ಒಪ್ಪಿ ರುಜು ಹಾಕಿರಬೇಕು. ಒಂದು ಕಮ್ಮಿಯಾದ್ರೂ ನಾಳೆಯಿಂದ ನೀನು ಮನೇಲೇ ಇರು. ಯಾರಾದ್ರೂ ಪ್ರತಿ ಕೇಳಿದ್ರೆ ಕೊಟ್ಟು ಬಾ.”

ಮೂರು ರುಜು ಅಲ್ಲೇ ಬಿದ್ದವು. ಉಳಿದವಕ್ಕೆ ಕಡತ ಬಿಸಿಲಿನಲ್ಲಿ ಮೇಲಿನ ಬೀದಿ ಹತ್ತಿದ. ನಾಲ್ಕನೇ ಮನೆಯಲ್ಲಿ ನಾಯಿ ಮೊದಲು ಬಂತು, ಯಜಮಾನರು ಆಮೇಲೆ; ಬೊಗಳುವುದರಲ್ಲಿ ಯಜಮಾನರೇ ಮೇಲು. ಐದನೇ ಮನೆಯ ಅಜ್ಜಿ ಪೆನ್ನನ್ನೇ ಮುಟ್ಟಲಿಲ್ಲ.

“ನಾನ್ಯಾಕೆ ರುಜು ಹಾಕ್ಲಿ? ಸೊಸೆ ನೀರು ಸುರೀತಾಳೆ ಅಂತ ಹತ್ತು ವರ್ಷದಿಂದ ಬಡ್ಕೋತಿದ್ದೆ, ಯಾರೂ ಕೇಳ್ಲಿಲ್ಲ. ಇವತ್ತು ಪೇಪರ್‌ನಲ್ಲೇ ಬಂತು. ನಿನ್ನ ಬಾಯಿಗೆ ಸಕ್ಕರೆ ಹಾಕ!”

“ಅಜ್ಜೀ, ಅದು ತಪ್ಪು ಅಂಕಿ.”

“ನಿನಗೇನೋ ಗೊತ್ತು? ನೀನು ಅವಳು ಪಾತ್ರೆ ತೊಳೆಯೋದು ನೋಡಿದ್ದೀಯಾ?”

ಒಳಗಿನಿಂದ ಸೊಸೆ ಬಂದು ರುಜು ಹಾಕಿದಳು. ಅತ್ತೆ ಸೊಸೆ ಜಗಳ ಜೋರಾಯಿತು. ಕಡತ ಕಾಗದ ಎದೆಗವಚಿಕೊಂಡು ಗೇಟು ಹಾರಿದ.

ಹೀಗೆ ಹದಿನಾರು ಮನೆಯವರ ಕೈಲಿ ಬೈಸಿಕೊಂಡು, ನಾಲ್ಕೂವರೆಗೆ ಒಂದನೇ ನಂಬರಿನ ಮುಂದೆ ನಿಂತ. ಹೆದರಿ ಇದೊಂದನ್ನು ಕೊನೆಗೆ ಉಳಿಸಿಕೊಂಡಿದ್ದ. ಅಧ್ಯಕ್ಷರು ತಾವೇ ಬಾಗಿಲು ತೆಗೆದರು.

“ಬಾ ಮಗೂ, ಎಷ್ಟು ಬೆವೆತಿದ್ದೀಯ! ಹಿತ್ತಲಲ್ಲಿ ತಂಪಾಗಿದೆ, ಅಲ್ಲೇ ಕೂರೋಣ.”

ಹಿತ್ತಲಲ್ಲಿ ಒಂದು ಕೊಳ. ಕೊಳದಲ್ಲಿ ತಾವರೆ, ತಾವರೆಯ ನಡುವೆ ಐದು ಬಿಳೀ ಬಾತುಕೋಳಿ. ಕಡತನ ಕಾಲು ಉರಿಯುತ್ತಿತ್ತು. “ಇಳಿಬಿಡು, ಪರವಾಗಿಲ್ಲ” ಅಂದರು ಅಧ್ಯಕ್ಷರು. ಇಳಿಬಿಟ್ಟ. ಜೀವ ಬಂದ ಹಾಗಾಯಿತು. ಒಂದು ಬಾತುಕೋಳಿ ಅವನ ಹೆಬ್ಬೆರಳನ್ನು ಮೆಲ್ಲಗೆ ಕಚ್ಚಿ ನೋಡಿತು.

“ಸಾರ್, ನಿಮ್ಮ ಹೆಸರಿಗೆ ತೊಂಬತ್ತು ಸಾವಿರ ಅಂತ ಬಿದ್ದುಬಿಟ್ಟಿದೆ...”

“ಮನುಷ್ಯ ಅಂದಮೇಲೆ ತಪ್ಪು ಆಗುತ್ತಪ್ಪ. ಎಲ್ಲಿ ಹಾಕ್ಲಿ ರುಜು?”

ಕನ್ನಡಕವನ್ನೂ ಹುಡುಕದೆ ಹಾಕಿಯೇಬಿಟ್ಟರು. “ಇದರದೊಂದು ಪ್ರತಿ ನನಗೂ ಕೊಡು. ಸುಮ್ನೆ, ಇಟ್ಕೊಳ್ಳೋಕೆ.”

ಎಂಥ ದೊಡ್ಡ ಮನಸ್ಸು ಅಂದುಕೊಂಡ ಕಡತ. ಬಾತುಕೋಳಿ ರೆಕ್ಕೆ ಕೊಡವಿ ಅವನ ಮುಖಕ್ಕೆಲ್ಲ ನೀರು ಎರಚಿತು. ಅದನ್ನೂ ನಗುತ್ತಲೇ ಒರೆಸಿಕೊಂಡ.

ಐದಕ್ಕೆ ಹತ್ತು ನಿಮಿಷವಿದೆ ಅನ್ನುವಾಗ ಹದಿನೇಳೂ ರುಜು ಸಂಪಾದಕರ ಮೇಜಿಗೆ ಬಿದ್ದವು. ಕೆಲಸ ಉಳಿಯಿತು. ಆ ಸಮಾಧಾನದಲ್ಲಿ, ಇನ್ನಾದರೂ ಸರಿಯಾಗಿ ಮಾಡೋಣ ಅಂತ ಕಡತ ಹಳೇ ಹಾಳೆ ತೆಗೆದು, ಈ ಸಲ ಇಡೀ ಪಟ್ಟಿಯನ್ನು ಹಿಡಿದು ಒತ್ತಿದ.

ಮೊದಲ ಸಾಲು: ಒಂದನೇ ನಂಬರು, ಅಧ್ಯಕ್ಷರು, ತೊಂಬತ್ತು ಸಾವಿರ.

ಕಣ್ಣುಜ್ಜಿ ಹಾಳೆ ನೋಡಿದ. ಅಲ್ಲೂ ಅದೇ. ಎಲ್ಲಕ್ಕಿಂತ ದೊಡ್ಡ ಅಂಕಿ ಮೊದಲಿನಿಂದಲೂ ತುದಿಯಲ್ಲೇ ಇತ್ತು. ಹದಿನಾರು ಅಂಕಿ ಜಾಗ ಬಿಟ್ಟರೂ ಅದೊಂದು ಕದಲಿರಲಿಲ್ಲ. ಆಗ ಬಂದವು ನೋಡಿ, ಐದು ಬಾತುಕೋಳಿಗಳು ಒಂದರ ಹಿಂದೆ ಒಂದು, ಅವನ ತಲೆಯೊಳಕ್ಕೆ.

“ಸಾರ್! ಆ ಕ್ಷಮೆ ಕಾಗದ ನಿಲ್ಸಿ! ಒಂದು ಅಂಕಿ ನಿಜ! ಕೊಳ ಇದೆ ಸಾರ್, ನಾನೇ ಕಾಲು ಇಳಿಬಿಟ್ಟಿದ್ದೆ!”

ಸಂಪಾದಕರು ನಿಧಾನಕ್ಕೆ ತಲೆ ಎತ್ತಿದರು. “ದಾಖಲೆ ಇದೆಯಾ?”

“ಇದೆ ಸಾರ್, ನೀರಿನ ಕಚೇರೀದು.”

“ಅದು ತಪ್ಪು ಅನ್ನೋದಕ್ಕೂ ಇದೆ. ನಿನ್ನ ಕೈಬರಹ, ನಮ್ಮ ಮೊಹರು, ಅವರ ರುಜು. ಒಂದು ಪ್ರತಿ ಅವರ ಬೀರುವಿನಲ್ಲಿ. ಈಗ ನೀನೇ ಹೇಳಪ್ಪಾ, ಎರಡರಲ್ಲಿ ಆಮೇಲೆ ಬರೆದದ್ದು ಯಾವುದು?”

ಕಡತ ಹಲ್ಲು ಕೀಳಿಸಿಕೊಳ್ಳುವವನ ಹಾಗೆ ಬಾಯಿ ತೆರೆದ.

“ಹೊಸದಾಗಿ ಅರ್ಜಿ ಹಾಕು.”

“ಮೂರು ತಿಂಗಳಾಗುತ್ತೆ ಸಾರ್.”

“ಆಗ್ಲಿ. ಕೊಳ ಎಲ್ಲಿಗೆ ಹೋಗುತ್ತೆ?”

ಮನೆಗೆ ಬಂದಾಗ ನಲ್ಲಿ ಒಣಗಿತ್ತು. ಹೆಂಡತಿ ಮಾತ್ರ ಖುಷಿಯಾಗಿದ್ದಳು. ಬಾಗಿಲಲ್ಲಿ ಎರಡು ಕೊಡ ತುಂಬಿದ ನೀರು.

“ಮೇಲಿನ ಬೀದಿ ಅಧ್ಯಕ್ಷರು ಕಳಿಸಿದ್ರು ರೀ. ‘ಪಾಪ, ಕೆಳಗಿನವರಿಗೆ ನೀರಿಲ್ಲ’ ಅಂದ್ರಂತೆ. ಎಂಥ ಜನ ನೋಡಿ!”

ಕಡತ ಬಗ್ಗಿ ನೋಡಿದ. ಒಂದು ಕೊಡದಲ್ಲಿ ಪುಟ್ಟ ಬಿಳೀ ಗರಿ ತೇಲುತ್ತಿತ್ತು.

“ಏನ್ರೀ ಅದು?”

“ದಾಖಲೆ.”

“ತೆಗೆದು ಬಿಸಾಕಿ, ಮುಖ ತೊಳ್ಕೊಂಡು ಬನ್ನಿ. ಚಹಾ ಆರೋಗುತ್ತೆ.”

ಅವನು ಗರಿಯನ್ನು ತೆಗೆದು ಬೆಳಕಿಗೆ ಹಿಡಿದು, ಹಿಂದೆ ಮುಂದೆ ತಿರುಗಿಸಿ ನೋಡಿದ. ಎಲ್ಲೂ ತಾರೀಖು ಇರಲಿಲ್ಲ. ಮುಖ ತೊಳೆದುಕೊಂಡ. ನೀರು ತಣ್ಣಗೆ, ಹಿತವಾಗಿತ್ತು.